ಹೆಗಲೊಳಗಿನ ಹುಣ್ಣಿಗೆ ಕನ್ನಡಿ



ಶಸ್ತ್ರಕ್ರಿಯೆಯ ಕೊಠಡಿಯೊಂದನ್ನು ಕಲ್ಪಿಸಿಕೊಳ್ಳಿ. ಮೇಜಿನ ಮೇಲೆ ರೋಗಿ ಅರಿವಳಿಕೆಯ ನಿದ್ರೆಯಲ್ಲಿದ್ದಾನೆ. ಒಂದು ಹೆಗಲನ್ನು ಬಿಟ್ಟು ಅವನ ಉಳಿದ ಮೈಯೆಲ್ಲ ಹಸಿರು ಬಟ್ಟೆಯ ಕೆಳಗಿದೆ. ಶಸ್ತ್ರವೈದ್ಯರ ಎರಡು ಕೈಗಳೂ ಆ ಹೆಗಲಿನ ಬಳಿ ಕೆಲಸ ಮಾಡುತ್ತಿವೆ. ಆದರೆ ಅವರ ಕಣ್ಣು ಮಾತ್ರ ಅಲ್ಲಿಲ್ಲ. ಅವರು ತಲೆಯೆತ್ತಿ ಎದುರಿಗಿರುವ ಟೆಲಿವಿಷನ್ ಪರದೆಯನ್ನು ನೋಡುತ್ತಿದ್ದಾರೆ. ನೀವು ಕ್ರಿಕೆಟ್ ಪಂದ್ಯ ನೋಡುವಂತಹದೇ ಪರದೆ. ಅದರ ಮೇಲೆ ಬೆಳ್ಳಗೆ ಹೊಳೆಯುವ ಎಲುಬಿನ ಗುಂಡು, ಅದರ ಪಕ್ಕದಲ್ಲಿ ಹಳೆಯ ಹಗ್ಗದ ತುದಿಯಂತೆ ಎಳೆ ಎಳೆಯಾಗಿ ಬಿಚ್ಚಿಕೊಂಡ ಒಂದು ಪಟ್ಟಿ ಕಾಣುತ್ತಿದೆ. ಅದೇ ಹರಿದುಹೋದ ಸ್ನಾಯುರಜ್ಜು. ಶಸ್ತ್ರವೈದ್ಯರು ಅದನ್ನು ಹೊಲಿಯುತ್ತಿದ್ದಾರೆ. ಚರ್ಮದ ಮೇಲಿರುವುದು ಮೂರೋ ನಾಲ್ಕೋ ಸಣ್ಣ ತೂತುಗಳು ಮಾತ್ರ. ಒಂದೊಂದೂ ಒಂದು ಸೆಂಟಿಮೀಟರಿಗಿಂತ ಕಿರಿದು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಗಾದೆ ಕೇಳುತ್ತದೆ. ಬೇಡ, ನಿಜ. ಆದರೆ ಹೆಗಲಿನ ಒಳಗಿರುವ ಹುಣ್ಣಿಗೆ? ಅದಕ್ಕೆ ಕನ್ನಡಿ ಬೇಕೇ ಬೇಕು. ಆ ಕನ್ನಡಿ ಸಿದ್ಧವಾಗಲು ಸುಮಾರು ಇನ್ನೂರು ವರ್ಷ ಹಿಡಿಯಿತು. ಫ್ರಾಂಕ್‌ಫರ್ಟಿನ ಒಂದು ಮೇಣದ ಬತ್ತಿ, ಟೋಕಿಯೋದ ಒಂದು ಶವದ ಮಂಡಿ, ಲಂಡನ್ನಿನಲ್ಲಿದ್ದ ಒಬ್ಬ ಭಾರತೀಯ ಸಂಶೋಧಕನ ಗಾಜಿನ ಎಳೆ, ಎಲ್ಲವೂ ಅದರಲ್ಲಿ ಸೇರಿವೆ. ಈ ಕಥೆಯ ನಡುವೆ ಒಬ್ಬ ಹಟಮಾರಿ ವೈದ್ಯರೂ ಇದ್ದಾರೆ. ಅವರು ಕೇಳಿದ ಒಂದು ಸರಳ ಪ್ರಶ್ನೆಗೆ ಅವರ ಕಾಲದಲ್ಲಿ ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ.

ಚಮಚ ಮತ್ತು ನಿಂಬೆಹಣ್ಣು

ಮೊದಲು ಹೆಗಲಿನ ರಚನೆಯನ್ನು ನೋಡೋಣ. ಶಾಲೆಯ ಕ್ರೀಡಾದಿನದಂದು ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುವ ಪಂದ್ಯದಲ್ಲಿ ನೀವೂ ಓಡಿರಬಹುದು. ನಮ್ಮ ಭುಜದ ಕೀಲು ಹೆಚ್ಚುಕಡಿಮೆ ಹಾಗೆಯೇ ಇದೆ. ತೋಳಿನ ಎಲುಬಿನ ತಲೆ ಗುಂಡಗೆ, ದೊಡ್ಡದಾಗಿದೆ. ಅದು ಕೂತಿರುವ ಹೆಗಲೆಲುಬಿನ ಬಟ್ಟಲು ಚಿಕ್ಕದು, ಆಳವಿಲ್ಲದ್ದು. ಸೊಂಟದ ಕೀಲಿನಲ್ಲಿ ಗುಂಡು ಆಳವಾದ ಗುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಆದ್ದರಿಂದ ಅಲ್ಲಿ ಭದ್ರತೆ ಹೆಚ್ಚು, ಚಲನೆ ಕಡಿಮೆ. ಭುಜದಲ್ಲಿ ಪ್ರಕೃತಿ ಭದ್ರತೆಯನ್ನು ಬಿಟ್ಟುಕೊಟ್ಟು ಚಲನೆಯನ್ನು ಆರಿಸಿಕೊಂಡಿದೆ. ಬಾವಿಯಿಂದ ನೀರು ಸೇದುವುದು, ಮರದ ಕೊಂಬೆಯಿಂದ ಮಾವಿನಕಾಯಿ ಕೀಳುವುದು, ಬೆನ್ನ ಹಿಂದೆ ಕೈ ಹಾಕಿ ಜಡೆ ಹೆಣೆಯುವುದು, ಇವೆಲ್ಲ ನಮಗೆ ಸಾಧ್ಯವಾಗಿರುವುದು ಈ ವ್ಯವಸ್ಥೆಯಿಂದ.

ಹಾಗಾದರೆ ಚಮಚದಿಂದ ನಿಂಬೆಹಣ್ಣು ಉರುಳಿ ಬೀಳುವುದಿಲ್ಲವೇಕೆ? ಹೆಗಲೆಲುಬಿನಿಂದ ಹೊರಟ ನಾಲ್ಕು ಸ್ನಾಯುಗಳು ಮುಂದಿನಿಂದ, ಮೇಲಿನಿಂದ, ಹಿಂದಿನಿಂದ ಬಂದು ತೋಳಿನ ಎಲುಬಿನ ತಲೆಯನ್ನು ಸುತ್ತಿ ಹಿಡಿದಿವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಬಿಳಿಯ ಗಟ್ಟಿ ಹುರಿಗೆ ಸ್ನಾಯುರಜ್ಜು ಎಂದು ಹೆಸರು. ನಿಮ್ಮ ಹಿಮ್ಮಡಿಯ ಮೇಲ್ಭಾಗವನ್ನು ಎರಡು ಬೆರಳಿನಿಂದ ಹಿಡಿದು ನೋಡಿ. ಕೈಗೆ ಸಿಗುವ ಹಗ್ಗದಂತಹ ವಸ್ತು ದೇಹದ ಅತಿ ದಪ್ಪ ಸ್ನಾಯುರಜ್ಜು. ಭುಜದ ನಾಲ್ಕು ರಜ್ಜುಗಳು ಒಂದರ ಅಂಚಿಗೊಂದು ಬೆರೆತು ಅಗಲವಾದ ಪಟ್ಟಿಯಾಗುತ್ತವೆ. ಅಂಗಿಯ ತೋಳಿನ ತುದಿಯಲ್ಲಿ ಮಣಿಕಟ್ಟನ್ನು ಸುತ್ತುವ ಪಟ್ಟಿಯನ್ನು ದರ್ಜಿಗಳು ಕಫ್ ಎನ್ನುತ್ತಾರಲ್ಲ, ಅದೇ ಹೋಲಿಕೆಯಿಂದ ವೈದ್ಯರು ಇದನ್ನು ರೊಟೇಟರ್ ಕಫ್ ಎಂದು ಕರೆದರು. ತೋಳನ್ನು ತಿರುಗಿಸುವ ಪಟ್ಟಿ ಎಂದು ಅರ್ಥ.

ಈ ನಾಲ್ಕರಲ್ಲಿ ಹೆಚ್ಚು ತೊಂದರೆಗೆ ಸಿಕ್ಕುವುದು ಮೇಲಿನ ರಜ್ಜು. ಅದರ ಹೆಸರು ಸುಪ್ರಾಸ್ಪೈನೇಟಸ್. ಕೆಳಗೆ ತೋಳಿನ ಎಲುಬಿನ ಗುಂಡು, ಮೇಲೆ ಹೆಗಲೆಲುಬಿನ ಚಾಚಿದ ತುದಿ, ಇವೆರಡರ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ಅದು ಹಾದುಹೋಗಬೇಕು. ಬಿದ್ದಾಗ ಅಥವಾ ಭಾರವನ್ನು ಜಗ್ಗಿದಾಗ ಅದು ಒಮ್ಮೆಗೇ ಹರಿಯಬಹುದು. ವಯಸ್ಸಾದಂತೆ ಬಾವಿಯ ಹಗ್ಗದ ಹಾಗೆ ಎಳೆ ಎಳೆಯಾಗಿ ಸವೆದು ಹರಿಯುವುದೂ ಉಂಟು. ಹರಿದವರಲ್ಲಿ ಕೆಲವರಿಗೆ ನೋವೇ ಇರುವುದಿಲ್ಲ. ಇನ್ನು ಕೆಲವರಿಗೆ ತೋಳನ್ನು ಪಕ್ಕಕ್ಕೆ ಎತ್ತಲಾಗದು, ತಲೆ ಬಾಚಲಾಗದು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದು.

ಶವಗಳು ಹೇಳಿದ ಸಂಗತಿ

ಈ ಹರಿತವನ್ನು ಮೊದಲು ಕಂಡವರು ರೋಗಿಗಳಲ್ಲಿ ಕಾಣಲಿಲ್ಲ, ಶವಗಳಲ್ಲಿ ಕಂಡರು. ಎಡಿನ್‌ಬರೊದ ಅಂಗರಚನಾಶಾಸ್ತ್ರಜ್ಞ ಅಲೆಕ್ಸಾಂಡರ್ ಮನ್ರೊ 1788ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭುಜದ ಕೀಲಿನ ಮೇಲ್ಭಾಗದಲ್ಲಿ ಅಂಚು ಹರಿದ ರಂಧ್ರವೊಂದನ್ನು ವರ್ಣಿಸಿದ್ದಾರೆ. 1834ರಲ್ಲಿ ಲಂಡನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಜಾನ್ ಗ್ರೆಗರಿ ಸ್ಮಿತ್ ತಾವು ಶವಗಳಲ್ಲಿ ಕಂಡ ಇಂತಹ ಹಲವು ಹರಿತಗಳನ್ನು ವರದಿ ಮಾಡಿದರು. ಆದರೆ ಈ ಮಾಹಿತಿಯಿಂದ ಬದುಕಿರುವ ರೋಗಿಗೆ ಏನೂ ದಕ್ಕಲಿಲ್ಲ. ಹೆಗಲು ನೋವೆಂದು ಬಂದವನ ಒಳಗೆ ಏನಾಗಿದೆಯೆಂದು ತಿಳಿಯುವ ದಾರಿ ಇರಲಿಲ್ಲ. 1895ರಲ್ಲಿ ರಂಟ್‌ಗೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೂ ಈ ತೊಡಕು ಬಿಡಿಸಲಿಲ್ಲ. ಕ್ಷ-ಕಿರಣದ ಚಿತ್ರದಲ್ಲಿ ಎಲುಬು ಕಾಣುತ್ತದೆ, ರಜ್ಜು ಕಾಣುವುದಿಲ್ಲ.

ಬಾಸ್ಟನ್ನಿನ ಹಟಮಾರಿ

ಈಗ ಕಥೆ ಅಮೆರಿಕದ ಬಾಸ್ಟನ್ ನಗರಕ್ಕೆ ಬರುತ್ತದೆ. ಅರ್ನೆಸ್ಟ್ ಅಮೋರಿ ಕಾಡ್‌ಮನ್ ಅಲ್ಲಿ 1869ರಲ್ಲಿ ಹುಟ್ಟಿದರು. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾದರು. ಲೆಕ್ಕ ಇಡುವುದು ಅವರ ಹುಟ್ಟುಗುಣ. ವಿದ್ಯಾರ್ಥಿಯಾಗಿದ್ದಾಗಲೇ ಗೆಳೆಯ ಹಾರ್ವೆ ಕುಶಿಂಗ್ ಜೊತೆಗೂಡಿ ಅರಿವಳಿಕೆ ಕೊಟ್ಟ ರೋಗಿಯ ನಾಡಿ, ಉಸಿರಾಟಗಳನ್ನು ಕಾಗದದ ಮೇಲೆ ಗುರುತು ಹಾಕುವ ಪದ್ಧತಿಯನ್ನು ಆರಂಭಿಸಿದವರು ಅವರು. ಕುಶಿಂಗ್ ಮುಂದೆ ಮಿದುಳಿನ ಶಸ್ತ್ರಕ್ರಿಯೆಯಲ್ಲಿ ಜಗತ್ಪ್ರಸಿದ್ಧರಾದರು. ಕಾಡ್‌ಮನ್ ಹೆಗಲನ್ನು ಹಿಡಿದುಕೊಂಡರು.

1909ರಲ್ಲಿ ಅವರು ಹರಿದ ಸುಪ್ರಾಸ್ಪೈನೇಟಸ್ ರಜ್ಜುವನ್ನು ಹೊಲಿದು ಎಲುಬಿಗೆ ಮತ್ತೆ ಕೂಡಿಸಿದರು. 1911ರಲ್ಲಿ ಯಶಸ್ವಿಯಾದ ಎರಡು ಪ್ರಕರಣಗಳ ವರದಿಯನ್ನು ಪ್ರಕಟಿಸಿದರು. ಹೆಗಲ ರಜ್ಜುವಿನ ಶಸ್ತ್ರಕ್ರಿಯೆಯ ಇತಿಹಾಸ ನಿಜವಾಗಿ ಆರಂಭವಾಗುವುದು ಇಲ್ಲಿಂದ. ಹೆಗಲು ನೋವಿನವರಿಗೆ ಇಂದಿಗೂ ಒಂದು ವ್ಯಾಯಾಮ ಹೇಳಿಕೊಡುತ್ತಾರೆ. ಸೊಂಟದಿಂದ ಮುಂದಕ್ಕೆ ಬಾಗಿ ತೋಳನ್ನು ಸಡಿಲವಾಗಿ ಇಳಿಬಿಟ್ಟು ಗಡಿಯಾರದ ಲೋಲಕದಂತೆ ತೂಗುವುದು. ಅದಕ್ಕೂ ಕಾಡ್‌ಮನ್ ಹೆಸರೇ ಅಂಟಿಕೊಂಡಿದೆ.

ಆದರೆ ಅವರ ಬದುಕನ್ನು ಅಲ್ಲೋಲಕಲ್ಲೋಲ ಮಾಡಿದ್ದು ಹೆಗಲಲ್ಲ, ಒಂದು ಪ್ರಶ್ನೆ. ಶಸ್ತ್ರಕ್ರಿಯೆ ಮಾಡಿಸಿಕೊಂಡ ರೋಗಿ ಒಂದು ವರ್ಷದ ನಂತರ ಹೇಗಿದ್ದಾನೆ? ಗುಣವಾಗಿರದಿದ್ದರೆ ಏಕೆ? ತಪ್ಪು ರೋಗನಿರ್ಣಯದಲ್ಲೋ, ವೈದ್ಯನ ಕೈಯಲ್ಲೋ, ಆಸ್ಪತ್ರೆಯ ವ್ಯವಸ್ಥೆಯಲ್ಲೋ? ಪ್ರತಿ ಆಸ್ಪತ್ರೆಯೂ ಪ್ರತಿ ರೋಗಿಯ ಬಗ್ಗೆ ಇದನ್ನು ಬರೆದಿಡಬೇಕು, ಬರೆದದ್ದನ್ನು ಬಹಿರಂಗಪಡಿಸಬೇಕು ಎಂದು ಅವರು ವಾದಿಸಿದರು. ಇದನ್ನು ಅವರು ಅಂತಿಮ ಫಲಿತಾಂಶದ ತತ್ತ್ವ ಎಂದು ಕರೆದರು.

ಕೇಳಲು ಇದು ಸಾಮಾನ್ಯ ಮಾತು. ಕಿರಾಣಿ ಅಂಗಡಿಯವರೂ ವರ್ಷಕ್ಕೊಮ್ಮೆ ಲಾಭ ನಷ್ಟದ ಲೆಕ್ಕ ನೋಡುತ್ತಾರೆ. ಆದರೆ ಅಂದಿನ ಆಸ್ಪತ್ರೆಗಳಲ್ಲಿ ಬಡ್ತಿ ಸಿಗುತ್ತಿದ್ದುದು ಹಿರಿತನದಿಂದ. ಫಲಿತಾಂಶ ನೋಡಿ ವೈದ್ಯರನ್ನು ಅಳೆಯಬೇಕೆಂಬ ಅವರ ಸಲಹೆ ಒಪ್ಪಿಗೆಯಾಗದಿದ್ದಾಗ 1914ರಲ್ಲಿ ಕಾಡ್‌ಮನ್ ಆ ಆಸ್ಪತ್ರೆಗೆ ರಾಜೀನಾಮೆ ಕೊಟ್ಟರು. 1915ರ ಜನವರಿಯಲ್ಲಿ ಸಭೆಯೊಂದನ್ನು ಕರೆದು ಅಲ್ಲಿ ದೊಡ್ಡ ವ್ಯಂಗ್ಯಚಿತ್ರವೊಂದನ್ನು ಅನಾವರಣ ಮಾಡಿದರು. ಬಾಸ್ಟನ್ನಿನ ಸಿರಿವಂತ ಬಡಾವಣೆಯ ಜನ ಉಷ್ಟ್ರಪಕ್ಷಿಯಾಗಿ ಮರಳಿನಲ್ಲಿ ತಲೆ ಹುದುಗಿಸಿಕೊಂಡು ಹಿಂಗಾಲಿನಿಂದ ವೈದ್ಯರ ಕಡೆಗೆ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿರುವ ಚಿತ್ರ ಅದು. ಸಭೆಯಲ್ಲಿ ಕೋಲಾಹಲವಾಯಿತು. ಸ್ಥಳೀಯ ವೈದ್ಯಸಂಘದ ಶಸ್ತ್ರಚಿಕಿತ್ಸಾ ವಿಭಾಗದ ಅಧ್ಯಕ್ಷಸ್ಥಾನವನ್ನು ಅವರು ಬಿಡಬೇಕಾಯಿತು. ಹಾರ್ವರ್ಡ್‌ನ ಬೋಧಕ ಹುದ್ದೆಯೂ ಹೋಯಿತು.

ಇಷ್ಟರಲ್ಲಿ ಅವರು 1911ರಲ್ಲೇ ಸ್ವಂತದ್ದೊಂದು ಚಿಕ್ಕ ಆಸ್ಪತ್ರೆ ತೆರೆದಿದ್ದರು. ಅಲ್ಲಿ 1911ರಿಂದ 1916ರವರೆಗೆ ಚಿಕಿತ್ಸೆ ಪಡೆದು ಹೋದ 337 ರೋಗಿಗಳ ವಿವರವನ್ನು ತಾವೇ ಅಚ್ಚು ಹಾಕಿಸಿ ಹಂಚಿದರು. ಅದರಲ್ಲಿ ಎಣಿಸಿ ತೋರಿಸಿದ ತಪ್ಪುಗಳು 123. ತನ್ನ ತಪ್ಪುಗಳನ್ನು ತಾನೇ ಎಣಿಸಿ ಊರಿಗೆಲ್ಲ ಸಾರುವ ವೈದ್ಯನನ್ನು ಜನ ಅದುವರೆಗೆ ಕಂಡಿರಲಿಲ್ಲ. ರೋಗಿಗಳು ಕಡಿಮೆಯಾದರು, ಆಸ್ಪತ್ರೆ ಮುಚ್ಚಿತು.

ಅವರ ಅನುಮಾನ ಸುಳ್ಳಾಗಿರಲಿಲ್ಲ. ಅಮೆರಿಕದ ಶಸ್ತ್ರವೈದ್ಯರ ಕಾಲೇಜು 1918ರಲ್ಲಿ ನೂರು ಹಾಸಿಗೆಗಳಿಗೆ ಕಡಿಮೆಯಿಲ್ಲದ 692 ಆಸ್ಪತ್ರೆಗಳನ್ನು ಪರೀಕ್ಷಿಸಿದಾಗ ಕನಿಷ್ಠ ಮಟ್ಟವನ್ನು ಮುಟ್ಟಿದ್ದವು 89 ಮಾತ್ರ. ಮರುವರ್ಷ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸಭೆ ಸೇರಿದ್ದಾಗ ಆಸ್ಪತ್ರೆಗಳ ಹೆಸರಿನ ಪಟ್ಟಿ ಪತ್ರಿಕೆಗಳ ಕೈಗೆ ಸಿಗಬಾರದೆಂದು ಅದನ್ನು ಅಲ್ಲಿನ ಒಲೆಗೆ ಹಾಕಿ ಸುಟ್ಟರು.

ಕಾಡ್‌ಮನ್ 1934ರಲ್ಲಿ ಹೆಗಲನ್ನು ಕುರಿತು ಬೃಹತ್ ಗ್ರಂಥವೊಂದನ್ನು ಪ್ರಕಟಿಸಿದರು. 1940ರಲ್ಲಿ ತೀರಿಕೊಂಡರು. ಅವರ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. 2014ರಲ್ಲಿ ಅಮೆರಿಕದ ವೈದ್ಯರು ಅಲ್ಲಿ ಒಂದು ಕಲ್ಲು ನಿಲ್ಲಿಸಿದರು. ಆ ಹೊತ್ತಿಗೆ ಅವರ ಪ್ರಶ್ನೆಗೆ ಜಗತ್ತು ಬೇರೆ ದಾರಿಯಿಂದ ಮರಳಿ ಬಂದಿತ್ತು. ಅದನ್ನು ಆಮೇಲೆ ನೋಡೋಣ.

ಬೆಳಕಿನ ಕೊಳವೆ

ಕಾಡ್‌ಮನ್ ಮಾಡಿದ್ದು ತೆರೆದ ಶಸ್ತ್ರಕ್ರಿಯೆ. ರಜ್ಜುವನ್ನು ತಲುಪಬೇಕಾದರೆ ಅದರ ಮೇಲೆ ಹೊದಿಕೆಯಂತಿರುವ ದಪ್ಪ ಸ್ನಾಯುವನ್ನು ದಾಟಬೇಕು. ಚುಚ್ಚುಮದ್ದು ಹಾಕಿಸಿಕೊಳ್ಳುವಾಗ ನಾವು ತೋರಿಸುವ ತೋಳಿನ ಮೇಲ್ಭಾಗದ ಸ್ನಾಯು ಅದು. ತೋಳನ್ನು ಎತ್ತುವ ಬಲಶಾಲಿ ಸ್ನಾಯುವೂ ಅದೇ. ಒಳಗಿನದನ್ನು ಸರಿಪಡಿಸಲು ಹೊರಗಿನದನ್ನು ಕೊಯ್ಯಬೇಕು! ಗೋಡೆಯೊಳಗಿನ ನಲ್ಲಿಯ ಕೊಳವೆ ರಿಪೇರಿಗೆ ಗೋಡೆಯನ್ನೇ ಒಡೆದಂತೆ. ಹಾಗಾದರೆ ಗೋಡೆ ಒಡೆಯದೆ ಒಳಗೆ ಇಣುಕುವ ಉಪಾಯವಿಲ್ಲವೆ? ಈ ಯೋಚನೆ ಹೆಗಲಿನ ವೈದ್ಯರಿಗೆ ಹೊಳೆದದ್ದಲ್ಲ. ಅದರ ಮೂಲ ನೋಡಲು ನೂರು ವರ್ಷ ಹಿಂದಕ್ಕೆ, ಜರ್ಮನಿಗೆ ಹೋಗಬೇಕು.

ಫ್ರಾಂಕ್‌ಫರ್ಟಿನ ತರುಣ ವೈದ್ಯ ಫಿಲಿಪ್ ಬೊಜ್ಜೀನಿ 1806ರ ಸುಮಾರಿಗೆ ಒಂದು ಉಪಕರಣ ಮಾಡಿದರು. ಒಳಗೆ ಒಂದು ಮೇಣದ ಬತ್ತಿ, ಒಂದು ಕನ್ನಡಿ, ಮುಂದೆ ಒಂದು ಕೊಳವೆ. ಬತ್ತಿಯ ಬೆಳಕನ್ನು ಕನ್ನಡಿ ದೇಹದೊಳಗೆ ತಳ್ಳುತ್ತಿತ್ತು. ವಿಯೆನ್ನಾದ ವೈದ್ಯ ಪಂಡಿತರು ಇದನ್ನು ಮೆಚ್ಚಲಿಲ್ಲ. ಬೊಜ್ಜೀನಿ ಜ್ವರಪೀಡಿತರ ಸೇವೆ ಮಾಡುತ್ತಿದ್ದಾಗ ತಾವೂ ಜ್ವರ ತಗುಲಿ 1809ರಲ್ಲಿ 35ನೆಯ ವಯಸ್ಸಿಗೇ ತೀರಿಕೊಂಡರು. ಮಾಕ್ಸ್ ನಿಟ್ಸೆ 1877ರಲ್ಲಿ ಮೂತ್ರಕೋಶದೊಳಗೆ ನೋಡುವ, ಮಸೂರಗಳುಳ್ಳ ಕೊಳವೆಯನ್ನು ತೋರಿಸಿದರು. ಎಡಿಸನ್ ಬಲ್ಬು ಬಂದ ಮೇಲೆ 1880ರ ದಶಕದಲ್ಲಿ ಕೊಳವೆಯ ತುದಿಗೆ ಪುಟ್ಟ ಬಲ್ಬನ್ನು ಕೂಡಿಸಲಾಯಿತು.

ಮೂತ್ರಕೋಶ ಟೊಳ್ಳು ಚೀಲ. ನೀರು ತುಂಬಿದರೆ ಉಬ್ಬುತ್ತದೆ, ಒಳಗೆ ನೋಡಲು ಜಾಗವಾಗುತ್ತದೆ. ಕೀಲು ಹಾಗಲ್ಲ. ಅಲ್ಲಿ ಎಲುಬಿಗೆ ಎಲುಬು ಒತ್ತಿಕೊಂಡಿರುತ್ತದೆ. ಆ ಸಂದಿಯೊಳಗೆ ಕೊಳವೆ ತೂರಿಸಲು ಯಾರಿಗೆ ಧೈರ್ಯ? 1912ರಲ್ಲಿ ಬರ್ಲಿನ್ನಿನ ಸಮ್ಮೇಳನದಲ್ಲಿ ಡೆನ್ಮಾರ್ಕಿನ ಸೆವೆರಿನ್ ನೋರ್ಡೆಂಟೋಫ್ಟ್ ಮಂಡಿಯೊಳಗೆ ನೋಡುವ ವಿಧಾನವನ್ನು ವಿವರಿಸಿ ಅದಕ್ಕೆ ಆರ್ಥ್ರೋಸ್ಕೋಪಿ ಎಂಬ ಹೆಸರು ಬಳಸಿದರು. ಆರ್ಥ್ರಾನ್ ಎಂದರೆ ಗ್ರೀಕ್ ಭಾಷೆಯಲ್ಲಿ ಕೀಲು. ಕನ್ನಡದಲ್ಲಿ ಕೀಲುದರ್ಶನ ಎನ್ನಬಹುದು.

ಟೋಕಿಯೋದ ಮಂಡಿಗಳು

ಈ ಮಾತನ್ನು ಕೈಗೂಡಿಸಿದವರು ಜಪಾನೀಯರು. ಅದಕ್ಕೆ ಒಂದು ಸಾಮಾಜಿಕ ಕಾರಣವಿತ್ತು. ಜಪಾನಿನಲ್ಲಿ ಊಟ, ಪೂಜೆ, ಅತಿಥಿ ಸತ್ಕಾರ ಎಲ್ಲವೂ ನೆಲದ ಮೇಲೆ, ಮಂಡಿ ಮಡಿಸಿ ಕೂತು. ಮಂಡಿಗೆ ಕ್ಷಯ ತಗುಲಿ ಅದು ಮರದ ಕೊರಡಿನಂತೆ ಸೆಟೆದುಹೋದರೆ ಮನುಷ್ಯ ಮನೆಯೊಳಗೇ ಹೊರಗಿನವನಾಗಿಬಿಡುತ್ತಿದ್ದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವ ನಮಗೆ ಈ ಸಂಕಟ ಅರ್ಥವಾಗುವುದು ಕಷ್ಟವಲ್ಲ. ರೋಗವನ್ನು ಮೊದಲ ಹಂತದಲ್ಲೇ ಕಂಡುಹಿಡಿಯಬೇಕೆಂದರೆ ಒಳಗೆ ನೋಡಬೇಕು.

1918ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಕೆಂಜಿ ತಕಾಗಿ ಮೂತ್ರಕೋಶ ನೋಡುವ ಕೊಳವೆಯನ್ನೇ ತೆಗೆದುಕೊಂಡು ಶವವೊಂದರ ಮಂಡಿಯೊಳಗೆ ತೂರಿಸಿ ನೋಡಿದರು. 1920ರಲ್ಲಿ ಅವರು ಕೀಲಿಗೆಂದೇ ಮಾಡಿದ ಮೊದಲ ಕೊಳವೆಯ ದಪ್ಪ 7.3 ಮಿಲಿಮೀಟರ್. ಅದು ಬಳಕೆಗೆ ಒಗ್ಗಲಿಲ್ಲ. 1931ರ ವೇಳೆಗೆ 3.5 ಮಿಲಿಮೀಟರಿಗೆ ಇಳಿಸಿದರು. ಕೀಲಿಗೆ ನೀರು ತುಂಬಿ ಉಬ್ಬಿಸಿದರೆ ನೋಡಲು ಜಾಗವಾಗುತ್ತದೆ ಎಂಬುದೂ ರೂಢಿಗೆ ಬಂತು. ಅದೇ 1931ರಲ್ಲಿ ನ್ಯೂಯಾರ್ಕಿನ ಮೈಕೆಲ್ ಬರ್ಮನ್ ಶವಗಳ ಬೇರೆ ಬೇರೆ ಕೀಲುಗಳನ್ನು ಇಣುಕಿ ನೋಡಿ ವರದಿ ಮಾಡಿದರು. ಅವುಗಳಲ್ಲಿ ಭುಜದ ಕೀಲೂ ಇತ್ತು. ಹೆಗಲಿನೊಳಕ್ಕೆ ಕನ್ನಡಿ ಹಿಡಿದದ್ದು ಹೀಗೆ.

ಎರಡನೆಯ ಮಹಾಯುದ್ಧ ಈ ಕೆಲಸವನ್ನು ತಡೆಯಿತು. ಯುದ್ಧದ ನಂತರ ತಕಾಗಿಯವರ ಶಿಷ್ಯ ಮಸಾಕಿ ವತನಾಬೆ ಗುರುವಿನ ಕೆಲಸವನ್ನು ಕೈಗೆತ್ತಿಕೊಂಡರು. ಒಂದಾದ ಮೇಲೊಂದರಂತೆ ಮಾದರಿಗಳು ಬಂದವು. 1950ರ ದಶಕದ ಕೊನೆಯಲ್ಲಿ ಸಿದ್ಧವಾದ 21ನೆಯ ಮಾದರಿ ಜಗತ್ತಿನಾದ್ಯಂತ ಹೆಸರಾಯಿತು. ಆ ಸಂಖ್ಯೆಯೇ ಅದರ ಹೆಸರು. ಇಪ್ಪತ್ತು ಮೆಟ್ಟಿಲು ಹತ್ತಿದ ನಂತರದ್ದು ಇಪ್ಪತ್ತೊಂದು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. 1962ರ ಮೇ ತಿಂಗಳಲ್ಲಿ ವತನಾಬೆ ನೋಡುವುದಕ್ಕಷ್ಟೇ ನಿಲ್ಲದೆ, ಬ್ಯಾಸ್ಕೆಟ್‌ಬಾಲ್ ಆಡುವಾಗ ಪೆಟ್ಟು ಮಾಡಿಕೊಂಡ 17 ವರ್ಷದ ಹುಡುಗನೊಬ್ಬನ ಮಂಡಿಯಲ್ಲಿ ಹರಿದ ಮೃದ್ವಸ್ಥಿಯ ತುಂಡನ್ನು ಇದೇ ವಿಧಾನದಿಂದ ಕತ್ತರಿಸಿ ತೆಗೆದರು. 1964ರಲ್ಲಿ ಕೆನಡಾದ ರಾಬರ್ಟ್ ಜಾಕ್ಸನ್ ಟೋಕಿಯೋಗೆ ಹೋದರು. ಆ ವರ್ಷ ಅಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಿಗೆ ಬಂದ ಕೆನಡಾ ತಂಡಕ್ಕೂ ಅವರು ವೈದ್ಯರಾಗಿದ್ದರು. ವತನಾಬೆಯವರ ಬಳಿ ವಿದ್ಯೆ ಕಲಿತು ಅದನ್ನು ಉತ್ತರ ಅಮೆರಿಕಕ್ಕೆ ಕೊಂಡೊಯ್ದರು.

ಗಾಜಿನ ಎಳೆ, ಟೆಲಿವಿಷನ್ ಕಣ್ಣು

21ನೆಯ ಮಾದರಿಗೂ ಒಂದು ಕೊರತೆಯಿತ್ತು. ಬೆಳಕು ಬರುತ್ತಿದ್ದುದು ಕೊಳವೆಯ ತುದಿಯ ಬಲ್ಬಿನಿಂದ. ಬಲ್ಬು ಬಿಸಿಯಾಗುತ್ತದೆ. ಕೀಲಿನೊಳಗೆ ಒಡೆದರೆ ಗತಿಯೇನು? ಬಲ್ಬನ್ನು ಹೊರಗಿಟ್ಟು ಬೆಳಕನ್ನು ಮಾತ್ರ ಒಳಗೆ ಕಳಿಸಬೇಕು.

ಇದಕ್ಕೆ ಉತ್ತರ ಕೊಟ್ಟವರಲ್ಲಿ ಒಬ್ಬರು ಪಂಜಾಬಿನ ಮೋಗಾದಲ್ಲಿ ಹುಟ್ಟಿ ಆಗ್ರಾದಲ್ಲಿ ಓದಿದ ನರಿಂದರ್ ಸಿಂಗ್ ಕಪಾನಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಅವರ ಜೊತೆ ಸಂಶೋಧನೆ ಮಾಡುತ್ತಿದ್ದಾಗ ಕೂದಲಿನಂತಹ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. ಇಬ್ಬರ ಲೇಖನ 1954ರಲ್ಲಿ ಪ್ರಕಟವಾಯಿತು. ನಿಮ್ಮ ಭೌತಶಾಸ್ತ್ರದ ಪಾಠದಲ್ಲಿ ಪೂರ್ಣ ಆಂತರಿಕ ಪ್ರತಿಫಲನ ಬರುತ್ತದಲ್ಲವೆ? ಗಾಜಿನೊಳಗೆ ಸಾಗುವ ಬೆಳಕು ಅಂಚಿಗೆ ಓರೆಯಾಗಿ ಬಡಿದರೆ ಹೊರಗೆ ಹೋಗದೆ ಒಳಕ್ಕೇ ಮರಳುತ್ತದೆ. ಎಳೆ ಬಾಗಿದರೂ ಬೆಳಕು ಅದರೊಳಗೇ ಪುಟಿಯುತ್ತ ಸಾಗುತ್ತದೆ. ಹೀಗೆ ದೂರದ ಪ್ರಖರ ದೀಪದ ಬೆಳಕು ಬಿಸಿಯನ್ನು ಹಿಂದೆ ಬಿಟ್ಟು ಕೀಲಿನೊಳಗೆ ಬಂತು. ಅದೇ ಹಾಪ್‌ಕಿನ್ಸ್ ಕೊಳವೆಯೊಳಗಿನ ಚಿಕ್ಕ ಮಸೂರಗಳ ಬದಲು ಉದ್ದನೆಯ ಗಾಜಿನ ಕಡ್ಡಿಗಳನ್ನು ಜೋಡಿಸಿ, ಚಿತ್ರ ಹಿಂದಿಗಿಂತ ಎಷ್ಟೋ ಬೆಳಗುವಂತೆ ಮಾಡಿದರು.

ಇನ್ನು ಟೆಲಿವಿಷನ್. ಮೊದಲು ಶಸ್ತ್ರವೈದ್ಯರು ಕೊಳವೆಗೆ ಕಣ್ಣಿಟ್ಟು ಬಗ್ಗಿ ನಿಲ್ಲಬೇಕಿತ್ತು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಿಲಿಕಾನ್ ಬಿಲ್ಲೆಯನ್ನು ರೂಪಿಸಿದರು. ಅದಕ್ಕೆ 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಬಿಲ್ಲೆಯಿಂದ 1980ರ ದಶಕದಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕ್ಯಾಮೆರಾಗಳು ಬಂದವು. ಕ್ಯಾಮೆರಾವನ್ನು ಕೊಳವೆಗೆ ಸಿಕ್ಕಿಸಿದರೆ ಕೀಲಿನ ಒಳಗು ಪರದೆಯ ಮೇಲೆ ದೊಡ್ಡದಾಗಿ ಮೂಡಿತು. ಶಸ್ತ್ರವೈದ್ಯರ ಸೊಂಟ ನೆಟ್ಟಗಾಯಿತು. ಅವರ ಸಹಾಯಕರು, ದಾದಿಯರು, ವಿದ್ಯಾರ್ಥಿಗಳು ಎಲ್ಲರೂ ಒಂದೇ ಚಿತ್ರ ನೋಡುವಂತಾಯಿತು.

ಮಂಡಿಯಿಂದ ಹೆಗಲಿಗೆ

ಇಷ್ಟೆಲ್ಲ ನಡೆದದ್ದು ಮುಖ್ಯವಾಗಿ ಮಂಡಿಯಲ್ಲಿ. ಹೆಗಲು ತಡವಾಗಿ ಬಂತು. ಮಂಡಿ ಚರ್ಮಕ್ಕೆ ಹತ್ತಿರ, ಹೆಗಲು ಮಾಂಸದ ಆಳದಲ್ಲಿದೆ. ಮಂಡಿಯಲ್ಲಿ ರಕ್ತ ಹರಿಯದಂತೆ ತೊಡೆಗೆ ಪಟ್ಟಿ ಬಿಗಿಯಬಹುದು, ಹೆಗಲಿಗೆ ಹಾಗೆ ಬಿಗಿಯಲಾಗದು. ನೀರಿಗೆ ಸ್ವಲ್ಪ ರಕ್ತ ಬೆರೆತರೂ ಪರದೆಯೆಲ್ಲ ಕೆಂಪಾಗುತ್ತದೆ.

1972ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಒಂದು ವಿವರಣೆ ಕೊಟ್ಟಿದ್ದರು. ಹೆಗಲೆಲುಬಿನ ಚಾಚಿದ ತುದಿ ಕೆಳಗಿನ ರಜ್ಜುವನ್ನು ಉಜ್ಜಿ ಸವೆಸುತ್ತದೆ. ಆ ತುದಿಯ ಅಡಿಭಾಗವನ್ನು ಕೆತ್ತಿ ಜಾಗ ಮಾಡಿಕೊಟ್ಟರೆ ನೋವು ಹೋಗುತ್ತದೆ. ಅವರು ಇದನ್ನು ತೆರೆದ ಶಸ್ತ್ರಕ್ರಿಯೆಯಲ್ಲಿ ಮಾಡುತ್ತಿದ್ದರು. 1980ರ ದಶಕದ ನಡುವಿನಲ್ಲಿ ಅಮೆರಿಕದ ಹಾರ್ವರ್ಡ್ ಎಲ್‌ಮನ್ ಅದನ್ನೇ ಕೊಳವೆಯ ಮೂಲಕ, ಮೋಟಾರಿನಿಂದ ತಿರುಗುವ ಪುಟ್ಟ ಉಪಕರಣದಿಂದ ಮಾಡಿ 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಸರಿನಲ್ಲಿ ಹಾರ್ವರ್ಡ್ ಇದ್ದರೂ ಅದು ವಿಶ್ವವಿದ್ಯಾಲಯವಲ್ಲ, ಅವರ ಹೆಸರೇ ಹಾಗೆ!

ಇನ್ನು ಉಳಿದದ್ದು ಹೊಲಿಗೆ. ರಜ್ಜುವನ್ನು ಎಲುಬಿಗೆ ಕಟ್ಟಬೇಕಾದರೆ ಕಾಡ್‌ಮನ್ ಕಾಲದಿಂದಲೂ ಎಲುಬಿನಲ್ಲಿ ತೂತು ಕೊರೆದು ದಾರ ಪೋಣಿಸಬೇಕಿತ್ತು. ಸಣ್ಣ ಕೊಳವೆಯೊಳಗಿಂದ ಅದು ಸುಲಭವಲ್ಲ. ಇದಕ್ಕೆ ಬಂದ ಪರಿಹಾರ ದಾರ ಕಟ್ಟಿದ ಚಿಕ್ಕ ತಿರುಪು. ಗೋಡೆಗೆ ತಿರುಪು ಬಿಗಿದು ಹಗ್ಗ ಕಟ್ಟುವಂತೆ, ಎಲುಬಿನೊಳಗೆ ತಿರುಪನ್ನು ಕೂರಿಸಿ ಅದರ ದಾರವನ್ನು ರಜ್ಜುವಿನ ಮೂಲಕ ಹಾಯಿಸಿ ಗಂಟು ಹಾಕುತ್ತಾರೆ. ಹಡಗಿನ ಲಂಗರಿನ ಹಾಗೆ ಹಿಡಿದು ನಿಲ್ಲುವುದರಿಂದ ಇದನ್ನು ಆ್ಯಂಕರ್ ಎನ್ನುತ್ತಾರೆ. ಗಂಟು ಹಾಕುವುದು ಹೊರಗೆ. ಅದನ್ನು ಕಡ್ಡಿಯೊಂದರಿಂದ ತಳ್ಳಿ ಒಳಗೆ ಬಿಗಿಯುವುದು. 1990ರ ದಶಕದಲ್ಲಿ ಹರಿದ ರಜ್ಜುವನ್ನು ಪೂರ್ತಿಯಾಗಿ ಕೊಳವೆಯ ಮೂಲಕವೇ ಹೊಲಿಯುವ ಪದ್ಧತಿ ನೆಲೆಗೊಂಡಿತು. ಹೊದಿಕೆಯ ಸ್ನಾಯುವನ್ನು ಎಲುಬಿನಿಂದ ಬಿಡಿಸುವುದು ತಪ್ಪಿತು. ಆದರೆ ಹೊಲಿದ ರಜ್ಜು ಎಲುಬಿಗೆ ಬೆಸೆಯಲು ಬೇಕಾದ ಕಾಲ ಕಡಿಮೆಯಾಗಲಿಲ್ಲ. ಹೊರಗಿನ ಗಾಯ ಎಷ್ಟು ಚಿಕ್ಕದಾದರೂ ತೋಳನ್ನು ಜೋಳಿಗೆಯಲ್ಲಿ ವಾರಗಟ್ಟಲೆ ಇಡಬೇಕು, ತಿಂಗಳುಗಟ್ಟಲೆ ವ್ಯಾಯಾಮ ಮಾಡಬೇಕು.

ಒಂದು ವರ್ಷದ ನಂತರ

ಕನ್ನಡಿ ಸಿದ್ಧವಾಯಿತು, ಸೂಜಿಯೂ ಸಿದ್ಧವಾಯಿತು. ಕಥೆ ಇಲ್ಲಿಗೆ ಮುಗಿಯಿತೆ? ಕಾಡ್‌ಮನ್ ಇದ್ದಿದ್ದರೆ ಕೇಳುತ್ತಿದ್ದರು: ಒಂದು ವರ್ಷದ ನಂತರ ರೋಗಿ ಹೇಗಿದ್ದಾನೆ?

ಆ ಪ್ರಶ್ನೆ ಮತ್ತೆ ಎದ್ದಿತು. 2004ರಲ್ಲಿ ಅಮೆರಿಕದಲ್ಲಿ ದೊಡ್ಡ ಹರಿತಗಳನ್ನು ಕೊಳವೆಯ ಮೂಲಕ ಹೊಲಿಸಿಕೊಂಡಿದ್ದ 18 ಮಂದಿಯ ಹೆಗಲನ್ನು ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸಿದ ವರದಿ ಬಂತು. 17 ಮಂದಿಯಲ್ಲಿ ರಜ್ಜು ಮತ್ತೆ ಹರಿದಿತ್ತು! ವಿಚಿತ್ರವೆಂದರೆ ಅವರಲ್ಲಿ ಬಹುಮಂದಿಗೆ ನೋವು ಕಡಿಮೆಯಾಗಿತ್ತು. ಹಾಗಾದರೆ ನೋವು ಕಡಿಮೆಯಾದದ್ದು ಹೊಲಿಗೆಯಿಂದಲೋ, ಬೇರೆ ಕಾರಣದಿಂದಲೋ?

ಇಂತಹ ಪ್ರಶ್ನೆಗೆ ಉತ್ತರ ಹುಡುಕಲು ಒಂದು ವಿಧಾನವಿದೆ. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದೊಂದು ಚಿಕಿತ್ಸೆ ಕೊಟ್ಟು ಹೋಲಿಸುವುದು. ಬ್ರಿಟನ್ನಿನಲ್ಲಿ 273 ರೋಗಿಗಳ ಮೇಲೆ ನಡೆದ ಅಧ್ಯಯನ ತೆರೆದ ಹೊಲಿಗೆಯನ್ನೂ ಕೊಳವೆಯ ಹೊಲಿಗೆಯನ್ನೂ ಹೋಲಿಸಿತು. 2015ರಲ್ಲಿ ವರದಿ ಬಂತು. ಎರಡು ವರ್ಷಗಳ ನಂತರ ಎರಡೂ ಗುಂಪಿನವರು ಒಂದೇ ಸಮನಾಗಿ ಸುಧಾರಿಸಿದ್ದರು. ಎರಡರಲ್ಲೂ ಸುಮಾರು ಹತ್ತರಲ್ಲಿ ನಾಲ್ವರ ರಜ್ಜು ಮತ್ತೆ ಹರಿದಿತ್ತು. ರಜ್ಜು ಕೂಡಿಕೊಂಡವರ ಸ್ಥಿತಿ ಎಲ್ಲರಿಗಿಂತ ಚೆನ್ನಾಗಿತ್ತು. ಅಂದರೆ ಚರ್ಮದ ಮೇಲಿನ ಗೆರೆ ಉದ್ದವೋ ಗಿಡ್ಡವೋ ಎಂಬುದಕ್ಕಿಂತ ಒಳಗಿನ ರಜ್ಜು ಬೆಸೆಯಿತೇ ಎಂಬುದು ಮುಖ್ಯ.

ಇದಕ್ಕಿಂತ ದೊಡ್ಡ ಅಚ್ಚರಿ 2018ರಲ್ಲಿ ಕಾದಿತ್ತು. ನೀರ್ ಹೇಳಿದ್ದ ಎಲುಬು ಕೆತ್ತುವ ಚಿಕಿತ್ಸೆಯನ್ನು ಬ್ರಿಟನ್ನಿನಲ್ಲಿ 313 ರೋಗಿಗಳಲ್ಲಿ ಪರೀಕ್ಷಿಸಿದರು. ಇವರ ರಜ್ಜು ಪೂರ್ತಿ ಹರಿದಿರಲಿಲ್ಲ. ಒಂದು ಗುಂಪಿಗೆ ಎಲುಬು ಕೆತ್ತಿದರು. ಇನ್ನೊಂದಕ್ಕೆ ಕೊಳವೆ ತೂರಿಸಿ ಸುಮ್ಮನೆ ಒಳಗೆ ನೋಡಿ ಹೊರಬಂದರು. ಮೂರನೆಯ ಗುಂಪಿಗೆ ಯಾವ ಚಿಕಿತ್ಸೆಯೂ ಇಲ್ಲ. ಆರು ತಿಂಗಳ ನಂತರ ಕೆತ್ತಿಸಿಕೊಂಡವರಿಗೂ ಬರಿದೆ ನೋಡಿಸಿಕೊಂಡವರಿಗೂ ವ್ಯತ್ಯಾಸವೇ ಇರಲಿಲ್ಲ. ಚಿಕಿತ್ಸೆಯಿಲ್ಲದವರಿಗಿಂತ ಅವರು ತುಸು ಮೇಲಿದ್ದರೂ ಆ ಅಂತರ ಗಣನೆಗೆ ಬರುವಷ್ಟು ದೊಡ್ಡದಾಗಿರಲಿಲ್ಲ. ಮರುವರ್ಷ ತಜ್ಞರ ಸಮಿತಿಯೊಂದು ಇಂತಹ ನೋವಿಗೆ ಈ ಶಸ್ತ್ರಕ್ರಿಯೆ ಬೇಡವೆಂದು ಖಡಾಖಂಡಿತವಾಗಿ ಹೇಳಿತು.

ಹಾಗೆಂದು ಹರಿದ ರಜ್ಜುವನ್ನು ಹೊಲಿಯುವುದೇ ವ್ಯರ್ಥವೆಂದು ತಿಳಿಯಬಾರದು. 55 ವರ್ಷ ದಾಟಿದವರಲ್ಲಿ ಸವೆದು ಉಂಟಾದ ಚಿಕ್ಕ ಹರಿತಗಳನ್ನು ಕುರಿತು ಫಿನ್‌ಲ್ಯಾಂಡಿನಲ್ಲಿ 180 ಹೆಗಲುಗಳ ಅಧ್ಯಯನ ನಡೆಯಿತು. 2014ರಲ್ಲಿ ಪ್ರಕಟವಾದ ಅದರ ಪ್ರಕಾರ ಒಂದು ವರ್ಷದ ಹೊತ್ತಿಗೆ ವ್ಯಾಯಾಮ ಮಾಡಿದವರೂ ಹೊಲಿಸಿಕೊಂಡವರೂ ಸಮಸಮವಾಗಿದ್ದರು. ಆದರೆ ನಾರ್ವೆಯಲ್ಲಿ 103 ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿದಾಗ ಹೊಲಿಸಿಕೊಂಡವರೇ ಮೇಲಾಗಿದ್ದರು.  ತರುಣರಲ್ಲಿ ಬಿದ್ದು ಒಮ್ಮೆಗೇ ಹರಿದ ರಜ್ಜುವನ್ನು ತಡಮಾಡದೆ ಹೊಲಿಯುವುದು ಲೇಸೆಂಬುದು ಇಂದೂ ವೈದ್ಯರ ಸಾಮಾನ್ಯ ಅಭಿಪ್ರಾಯ. ಯಾರಿಗೆ, ಯಾವಾಗ, ಯಾವ ಹರಿತಕ್ಕೆ ಎಂಬ ವಿವೇಕವೇ ಇಲ್ಲಿ ದೊಡ್ಡ ಮದ್ದು.

ಮಿತ್ರರೆ, ಈ ಇತಿಹಾಸದಲ್ಲಿ ಎರಡು ಬಗೆಯ ನೋಟಗಳಿವೆ. ಬೊಜ್ಜೀನಿಯ ಬತ್ತಿಯಿಂದ ಟೆಲಿವಿಷನ್ ಪರದೆಯವರೆಗೆ ಬಂದದ್ದು ಒಂದು ನೋಟ. ಅದು ಹುಣ್ಣನ್ನು ತೋರಿಸುತ್ತದೆ. ಕಾಡ್‌ಮನ್ ಅವರದು ಇನ್ನೊಂದು ನೋಟ. ಅದು ಹುಣ್ಣು ಮಾಯಿತೇ ಎಂದು ಕೇಳುತ್ತದೆ. ಮೊದಲನೆಯದಕ್ಕೆ ಗಾಜು, ಬೆಳಕು, ಕೈಚಳಕ ಬೇಕು. ಎರಡನೆಯದಕ್ಕೆ ಒಂದು ಪುಸ್ತಕ, ಒಂದು ಪೆನ್ನು, ತನ್ನ ತಪ್ಪನ್ನು ತಾನೇ ಬರೆಯುವ ಧೈರ್ಯ ಸಾಕು. ಮೊದಲನೆಯದನ್ನು ಕಟ್ಟಿದವರಿಗೆ ಕೀರ್ತಿ ಬಂತು. ಎರಡನೆಯದನ್ನು ಕೇಳಿದವರ ಸಮಾಧಿಯ ಮೇಲೆ 74 ವರ್ಷ ಹೆಸರಿನ ಕಲ್ಲೂ ಇರಲಿಲ್ಲ.

ನಿಮ್ಮಲ್ಲಿ ಕೆಲವರು ನಾಳೆ ವೈದ್ಯರಾಗುವಿರಿ, ಎಂಜಿನಿಯರುಗಳಾಗುವಿರಿ, ಶಿಕ್ಷಕರಾಗುವಿರಿ. ಮಾಡಿದ ಕೆಲಸ ಮುಗಿದ ದಿನ ಚೆನ್ನಾಗಿ ಕಂಡರೆ ಸಾಲದು. ವರ್ಷ ಕಳೆದ ಮೇಲೆ ಹಿಂದಿರುಗಿ ಹೋಗಿ, ಅದು ನಿಂತಿದೆಯೇ ಎಂದು ನೋಡಿ ಬರಬೇಕು. ನೋಡಿದ್ದನ್ನು ಇದ್ದಂತೆ ಬರೆದಿಡಬೇಕು. ಹೆಗಲು ಕೊಡುವುದು ಎಂದರೆ ನಮ್ಮ ಭಾಷೆಯಲ್ಲಿ ಇನ್ನೊಬ್ಬರ ಭಾರ ಹೊರುವುದು ಎಂದು ಅರ್ಥ. ಕಾಡ್‌ಮನ್ ಆ ಭಾರವನ್ನು ಒಬ್ಬರೇ ಹೊತ್ತರು. ಈಗ ಅದಕ್ಕೆ ಹೆಗಲು ಕೊಡುವ ಸರದಿ ನಿಮ್ಮದು.